ಗ್ರೇಹೌಂಡ್ ಕೊರಳಿನಿಂದ ಜಾರದ ಪಟ್ಟಿ: ಮಾರ್ಟಿಂಗೇಲ್ ಹೊಲಿಯುವ ಸಮಗ್ರ ಮಾರ್ಗದರ್ಶಿ

ಗ್ರೇಹೌಂಡ್ ತಳಿಯ ನಾಯಿ ಸಾಕಿದವರು ಮನೆಯಲ್ಲೇ ಹೊಲಿದ ಕೊರಳಪಟ್ಟಿಗಳನ್ನು ನನಗೆ ತಂದು ತೋರಿಸುವಾಗ ನಾನು ಮೊದಲು ಹೊಲಿಗೆಯನ್ನು ನೋಡುವುದಿಲ್ಲ, ಅಳತೆ ಟೇಪನ್ನು ಕೈಗೆತ್ತಿಕೊಳ್ಳುತ್ತೇನೆ. ಹೊಲಿಗೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಆದರೂ ನಾಯಿ ಎರಡು ಹೆಜ್ಜೆ ಹಿಂದೆ ಸರಿದರೆ ಪಟ್ಟಿ ಕಿವಿ ದಾಟಿ ಹೊರಬರುತ್ತದೆ, ಇಲ್ಲವೇ ತಲೆಯ ಮೇಲಿಂದ ಇಳಿಯುವುದೇ ಇಲ್ಲ. ಎರಡೂ ಒಂದೇ ತಪ್ಪಿನ ಎರಡು ಮುಖಗಳು. ಕತ್ತರಿ ಹಿಡಿಯುವ ಮೊದಲು ಮಾಡಬೇಕಾದ ಲೆಕ್ಕವನ್ನು ಯಾರೂ ಮಾಡಿರುವುದಿಲ್ಲ.

ಬೇರೆ ನಾಯಿಗಳಿಗೆ ಕುತ್ತಿಗೆಯ ಸುತ್ತಳತೆ ತೆಗೆದು, ಎರಡು ಬೆರಳಿನಷ್ಟು ಸಡಿಲ ಬಿಟ್ಟು ಬಕಲ್ ಹಾಕಿದರೆ ನಡೆಯುತ್ತದೆ, ಏಕೆಂದರೆ ಅವುಗಳ ತಲೆ ಕುತ್ತಿಗೆಗಿಂತ ಸಾಕಷ್ಟು ದಪ್ಪ. ಗ್ರೇಹೌಂಡ್‌ನ ತಲೆ ಕಿರಿದು, ಕುತ್ತಿಗೆ ಉದ್ದ ಮತ್ತು ಮಾಂಸಲ. ಎರಡರ ಸುತ್ತಳತೆಗಳ ನಡುವೆ ಅಂತರ ಅಷ್ಟಾಗಿ ಇರುವುದಿಲ್ಲ. ಬಕಲ್ ಪಟ್ಟಿ ಜಾರಬಾರದೆಂದರೆ ಉಸಿರುಗಟ್ಟುವಷ್ಟು ಬಿಗಿಯಬೇಕು, ಉಸಿರಾಡಲು ಬಿಟ್ಟರೆ ಅದು ಜಾರುತ್ತದೆ. ಸಾಮಾನ್ಯ ಹೊತ್ತಿನಲ್ಲಿ ಸಡಿಲವಾಗಿದ್ದು, ಎಳೆದಾಗ ಮಾತ್ರ ಒಂದು ಮಿತಿಯವರೆಗೆ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಬೇಕಾಗುವುದು ಇದಕ್ಕೇ.

ಪಟ್ಟಿಯ ಅಂಗಗಳು

ಮಾರ್ಟಿಂಗೇಲ್‌ನಲ್ಲಿ ಎರಡು ಕುಣಿಕೆಗಳಿವೆ. ಕೊರಳನ್ನು ಸುತ್ತುವುದು ದೊಡ್ಡ ಕುಣಿಕೆ. ಅದರ ಎರಡು ತುದಿಗಳಲ್ಲಿ ಒಂದೊಂದು ಚೌಕ ರಿಂಗ್ ಇರುತ್ತದೆ. ಈ ಎರಡು ರಿಂಗುಗಳ ಮೂಲಕ ಹಾದುಹೋಗುವುದು ಚಿಕ್ಕ ಕುಣಿಕೆ. ಲೀಷ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಸಿಕ್ಕಿಸುವ ಡಿ-ರಿಂಗ್ ಚಿಕ್ಕ ಕುಣಿಕೆಯ ಮೇಲೆ ಕೂರುತ್ತದೆ. ಲೀಷ್ ಎಳೆದಾಗ ಚಿಕ್ಕ ಕುಣಿಕೆ ಹೊರಗೆ ಸೆಳೆಯಲ್ಪಟ್ಟು ಎರಡು ಚೌಕ ರಿಂಗುಗಳು ಒಂದರ ಬಳಿಗೊಂದು ಬರುತ್ತವೆ, ಕೊರಳ ಸುತ್ತಲಿನ ಪಟ್ಟಿ ಕಿರಿದಾಗುತ್ತದೆ.

ಆ ರಿಂಗುಗಳು ಒಂದಕ್ಕೊಂದು ತಾಗಿಬಿಟ್ಟರೆ ಪಟ್ಟಿ ಮತ್ತೆ ಕಿರಿದಾಗಲಾರದು. ಇಡೀ ಲೇಖನದಲ್ಲಿ ನೆನಪಿಡಬೇಕಾದ ಒಂದೇ ವಾಕ್ಯ ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ಕೊರಳನ್ನು ಹಿಡಿಯುವ ಮೊದಲೇ ರಿಂಗುಗಳು ಪರಸ್ಪರ ತಾಗಿದರೆ ನೀವು ಹೊಲಿದದ್ದು ದುಬಾರಿ ಬಕಲ್ ಪಟ್ಟಿ, ಅಷ್ಟೇ.

ಬೇಕಾಗುವ ಸಾಮಾನು

ನೈಲಾನ್ ಪಟ್ಟಿ, 38 ಮಿ.ಮೀ. ಅಗಲದ್ದು, 1 ಮೀಟರ್. ಶಾಲೆಯ ಚೀಲದ ಹೆಗಲಪಟ್ಟಿಗೆ ಹಾಕುವಂಥದ್ದೇ, ಆದರೆ ದಟ್ಟ ನೇಯ್ಗೆಯದು. 25 ಮಿ.ಮೀ. ಪಟ್ಟಿಯಲ್ಲಿ ಎಳೆತವೆಲ್ಲ ಕೊರಳಿನ ಸಣ್ಣ ಜಾಗಕ್ಕೆ ಬೀಳುತ್ತದೆ, ಇಷ್ಟು ಉದ್ದದ ಕೊರಳಿಗೆ ಅದು ಒಳ್ಳೆಯದಲ್ಲ. 50 ಮಿ.ಮೀ. ಇನ್ನೂ ಚೆನ್ನ, ಆದರೆ ಮನೆಯ ಹೊಲಿಗೆ ಯಂತ್ರದಲ್ಲಿ ಅದನ್ನು ತಿರುಗಿಸುವುದು ಕಷ್ಟ. ಮೊದಲ ಪ್ರಯತ್ನಕ್ಕೆ 38 ಇರಲಿ. ಹತ್ತಿಯ ಪಟ್ಟಿ ಕೈಗೆ ಮೃದು, ಆದರೆ ನೆನೆದರೆ ಭಾರವಾಗುತ್ತದೆ, ಒಗೆದರೆ ಕುಗ್ಗುತ್ತದೆ. ಅಳತೆಯೇ ಪ್ರಾಣವಾದ ವಸ್ತುವಿಗೆ ಅದು ಬೇಡ.

ಲೋಹದ ಸಾಮಾನು ನಾಲ್ಕು: ಚೌಕ ರಿಂಗ್ ಎರಡು, ದೊಡ್ಡ ಕುಣಿಕೆಯನ್ನು ಹಿಗ್ಗಿಸಿ ಕುಗ್ಗಿಸಲು ನಡುವೆ ಕಂಬಿಯಿರುವ ಸ್ಲೈಡರ್ ಒಂದು, ಡಿ-ರಿಂಗ್ ಒಂದು. ನಾಲ್ಕೂ ಪಟ್ಟಿಯಷ್ಟೇ ಅಗಲದವಾಗಿರಲಿ. ಬಾಗಿಸಿದ ತಂತಿಯ ತುದಿಗಳು ಸುಮ್ಮನೆ ಒಂದಕ್ಕೊಂದು ತಾಗಿ ನಿಂತಿರುವ ರಿಂಗುಗಳನ್ನು ತೆಗೆದುಕೊಳ್ಳಬೇಡಿ, ಬೆಸುಗೆ ಹಾಕಿದ್ದೇ ಬೇಕು. ಉಗುರನ್ನು ರಿಂಗಿನ ಸುತ್ತ ಓಡಿಸಿ ನೋಡಿ. ಉಗುರು ಒಂದು ಸೀಳಿಗೆ ಸಿಕ್ಕಿಕೊಂಡರೆ ಅದನ್ನು ಪರ್ಸಿನ ಅಲಂಕಾರಕ್ಕೆ ಇಟ್ಟುಕೊಳ್ಳಿ. ಇಡೀ ಎಳೆತ ಸ್ಲೈಡರ್ ಮೂಲಕವೂ ಹಾಯುವುದರಿಂದ ಅದೂ ಪ್ಲಾಸ್ಟಿಕ್ ಆಗಬಾರದು.

ದಾರ ಪಾಲಿಯೆಸ್ಟರ್ ಆಗಿರಲಿ, ಸೋಫಾ ಅಥವಾ ಚೀಲ ಹೊಲಿಯುವ ದಪ್ಪದ್ದು. ಹತ್ತಿಯ ದಾರ ಬೆವರು, ನೀರು, ಬಿಸಿಲಿಗೆ ಬೇಗ ಸೋಲುತ್ತದೆ. ಯಂತ್ರಕ್ಕೆ ಜೀನ್ಸ್ ಹೊಲಿಯುವ ಸೂಜಿ, 100 ಅಥವಾ 110 ಸಂಖ್ಯೆಯದು. ಇವಲ್ಲದೆ ಅಳತೆ ಟೇಪು, ಟೈಲರ್ ಚಾಕ್, ಬಟ್ಟೆಯ ಕ್ಲಿಪ್‌ಗಳು, ಲೈಟರ್ ಅಥವಾ ಮೇಣದಬತ್ತಿ, ಸಣ್ಣ ಅರ. ಗುಂಡುಸೂಜಿ ಬೇಡ, ದಪ್ಪ ನೈಲಾನಿನಲ್ಲಿ ಅದು ಬಾಗುತ್ತದೆ. ಬಾಗಿದ್ದೊಂದು ಪದರದೊಳಗೇ ಉಳಿದುಬಿಟ್ಟರೆ ಅದರ ಮೊನೆ ನಾಯಿಯ ಕೊರಳಿಗೆ.

ಯಂತ್ರವಿಲ್ಲದವರು ಕೈಯಲ್ಲೇ ಹೊಲಿಯಬಹುದು. ಮೇಣ ಸವರಿದ ದಾರದ ಎರಡೂ ತುದಿಗಳಿಗೆ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರಾಗಿ ಎರಡನ್ನೂ ಹಾಯಿಸುತ್ತ ಹೋಗುವ ಚರ್ಮದ ಕೆಲಸದ ಹೊಲಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಒಂದೆಡೆ ದಾರ ಕಡಿದರೂ ಇಡೀ ಸಾಲು ಬಿಚ್ಚುವುದಿಲ್ಲ. ಇಡೀ ಸಂಜೆ ಹಿಡಿಯುತ್ತದೆ, ಬೆರಳಿಗೆ ಅಂಗುಸ್ತಾನ ಬೇಕೇ ಬೇಕು.

ಹಂತ 1: ಎರಡು ಅಳತೆಗಳು

ಮೊದಲನೆಯದು ಕುತ್ತಿಗೆ. ಭುಜದ ಬಳಿಯಲ್ಲ, ನಡುವೆಯೂ ಅಲ್ಲ, ಕಿವಿಗಳ ಹಿಂಬದಿಗೆ ಒತ್ತಿಕೊಂಡಂತೆ, ಗದ್ದದ ಕೆಳಗೆ. ಕೊರಳು ಅಲ್ಲಿ ಅತ್ಯಂತ ಕಿರಿದು, ಪಟ್ಟಿ ಕೆಲಸ ಮಾಡಬೇಕಾದದ್ದೂ ಅಲ್ಲೇ. ಟೇಪು ಚರ್ಮಕ್ಕೆ ತಾಗಿ ನಿಲ್ಲಬೇಕು, ಒತ್ತಬಾರದು, ಬೆರಳು ತೂರಿಸಿ ಸಡಿಲವನ್ನೂ ಬಿಡಬಾರದು. ಸಡಿಲವನ್ನು ಲೆಕ್ಕದಲ್ಲಿ ಸೇರಿಸುತ್ತೇವೆ. ಇಲ್ಲೊಮ್ಮೆ, ಅಲ್ಲೊಮ್ಮೆ ಸೇರಿಸಿದರೆ ಪಟ್ಟಿ ಹಾಳು.

ಎರಡನೆಯದು ತಲೆ. ಕಿವಿಗಳ ಮುಂದೆ, ಹಣೆಯ ಮೇಲಿಂದ ಕೆನ್ನೆಗಳನ್ನು ಬಳಸಿ ಗದ್ದದ ಕೆಳಗೆ ಬರುವ ಅತ್ಯಂತ ಅಗಲದ ಸುತ್ತು. ಪಟ್ಟಿಗೆ ಬಕಲ್ ಇಲ್ಲದ ಕಾರಣ ಅದು ಈ ಸುತ್ತನ್ನು ದಾಟಿಯೇ ಕೊರಳಿಗೆ ಇಳಿಯಬೇಕು.

ನಾಯಿ ನಿಂತಿರುವಾಗ, ತಲೆ ಎತ್ತಿರುವಾಗ ಅಳೆಯಿರಿ. ಮೂರು ಬಾರಿ ಅಳೆದು ನಡುವಿನ ಅಂಕಿಯನ್ನು ಬರೆದುಕೊಳ್ಳಿ. ಮಲಗಿದ ನಾಯಿಯ ಕೊರಳಿಗೆ ಸದ್ದಿಲ್ಲದೆ ಟೇಪು ಸುತ್ತಲು ಹೋಗಬೇಡಿ. ಅನೇಕ ಗ್ರೇಹೌಂಡ್‌ಗಳು ನಿದ್ದೆಯಲ್ಲಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕುತ್ತವೆ, ಅದು ಸಿಟ್ಟಲ್ಲ, ಗಾಬರಿ. ಕೆಲವು ಕಣ್ಣನ್ನು ಅರೆತೆರೆದೇ ಮಲಗುವುದರಿಂದ ಎಚ್ಚರವಿದೆಯೆಂದು ನಾವು ಮೋಸಹೋಗುತ್ತೇವೆ. ದೂರದಿಂದ ಹೆಸರು ಕರೆಯಿರಿ, ಎದ್ದು ಮೈಮುರಿಯಲಿ, ಆಮೇಲೆ ಟೇಪು.

ಹಂತ 2: ಕತ್ತರಿಗೆ ಮೊದಲು ಲೆಕ್ಕ

ಕಾಗದ ತೆಗೆದುಕೊಂಡು ಈ ನಾಲ್ಕು ಸಾಲು ಬರೆಯಿರಿ. ಉದಾಹರಣೆಗೆ ಕುತ್ತಿಗೆ 38 ಸೆಂ.ಮೀ., ತಲೆ 41 ಸೆಂ.ಮೀ. ಇರುವ ನಾಯಿಯನ್ನು ತೆಗೆದುಕೊಳ್ಳುತ್ತೇನೆ.

1. ದೊಡ್ಡ ಕುಣಿಕೆಯ ಉದ್ದ = ಕುತ್ತಿಗೆಯಿಂದ 4 ಕಳೆದದ್ದು. 38 − 4 = 34 ಸೆಂ.ಮೀ. ಪಟ್ಟಿ ಕೊರಳನ್ನು ಬಿಗಿಯಾಗಿ ಹಿಡಿದಾಗಲೂ ಚೌಕ ರಿಂಗುಗಳ ನಡುವೆ 4 ಸೆಂ.ಮೀ. ಉಳಿಯಲಿ ಎಂಬುದು ಈ ಕಳೆಯುವಿಕೆಯ ಅರ್ಥ.

2. ಚಿಕ್ಕ ಕುಣಿಕೆಯ ಮಡಿಚಿದ ಉದ್ದ = ತಲೆಯ ಅಳತೆಗೆ 2 ಕೂಡಿಸಿ, ಅದರಿಂದ ದೊಡ್ಡ ಕುಣಿಕೆಯನ್ನು ಕಳೆದದ್ದು. 41 + 2 − 34 = 9 ಸೆಂ.ಮೀ. ಚಿಕ್ಕ ಕುಣಿಕೆಯನ್ನು ಚಪ್ಪಟೆಯಾಗಿ ಹಿಗ್ಗಿಸಿದಾಗ ಒಟ್ಟು ಸುತ್ತಳತೆ 34 + 9 = 43 ಆಗುತ್ತದೆ, ತಲೆ ಸರಾಗವಾಗಿ ದಾಟುತ್ತದೆ.

3. ಉದ್ದ ತುಂಡು ಕತ್ತರಿಸಬೇಕಾದದ್ದು = ದೊಡ್ಡ ಕುಣಿಕೆಗೆ 20 ಕೂಡಿಸಿದ್ದು. 34 + 20 = 54 ಸೆಂ.ಮೀ. ಈ 20ರಲ್ಲಿ 10 ಎರಡು ತುದಿಗಳ ಮಡಿಕೆಗೆ, 10 ಸ್ಲೈಡರ್ ಹಿಂದೆ ಜೋಡಿಯಾಗಿ ಓಡುವ ಭಾಗಕ್ಕೆ.

4. ಗಿಡ್ಡ ತುಂಡು ಕತ್ತರಿಸಬೇಕಾದದ್ದು = ಚಿಕ್ಕ ಕುಣಿಕೆಯ ಎರಡರಷ್ಟಕ್ಕೆ 6 ಕೂಡಿಸಿದ್ದು. 18 + 6 = 24 ಸೆಂ.ಮೀ.

ಸ್ಲೈಡರ್ ಇದ್ದಮೇಲೆ ದೊಡ್ಡ ಕುಣಿಕೆಯನ್ನು ಆಮೇಲೆ ಹಿಗ್ಗಿಸಿ ಕುಗ್ಗಿಸಬಹುದಲ್ಲ, ಇಷ್ಟು ಲೆಕ್ಕವೇಕೆ ಎಂದು ಕೇಳುವವರುಂಟು. ಚಿಕ್ಕ ಕುಣಿಕೆಗೆ ಸ್ಲೈಡರ್ ಇಲ್ಲ. ಅದನ್ನು ಒಮ್ಮೆ ಹೊಲಿದರೆ ಮುಗಿಯಿತು. ಅದು ಗಿಡ್ಡವಾದರೆ ತಲೆ ದಾಟಿಸಲು ದೊಡ್ಡ ಕುಣಿಕೆಯನ್ನು ಹಿಗ್ಗಿಸುತ್ತೀರಿ, ಹಿಗ್ಗಿಸಿದ ಕೂಡಲೇ ರಿಂಗುಗಳು ತಾಗತೊಡಗುತ್ತವೆ, ಪಟ್ಟಿ ಜಾರುತ್ತದೆ. ನನ್ನ ಬಳಿಗೆ ಬರುವ ಹತ್ತಾರು ಪಟ್ಟಿಗಳ ಕಥೆಯೇ ಇದು. ಹಾಗೆಂದು ಉದ್ದ ಬಿಟ್ಟರೂ ಕ್ಷೇಮವಲ್ಲ. ಕೊರಳ ಕೆಳಗೆ ಜೋಲುವ ಕುಣಿಕೆಗೆ ನಾಯಿ ಕಿವಿ ಕೆರೆದುಕೊಳ್ಳುವಾಗ ಹಿಂಗಾಲಿನ ಉಗುರು ಸಿಕ್ಕುತ್ತದೆ, ಮೈ ನೆಕ್ಕುವಾಗ ಕೆಳದವಡೆ ಸಿಕ್ಕುತ್ತದೆ.

ಹಂತ 3: ಕತ್ತರಿಸಿ ತುದಿ ಕರಗಿಸುವುದು

ಎರಡು ತುಂಡುಗಳನ್ನೂ ನೇರವಾಗಿ ಕತ್ತರಿಸಿ. ತುದಿಯನ್ನು ಜ್ವಾಲೆಯ ಬದಿಗೆ ಹಿಡಿಯಿರಿ, ಒಳಗೆ ತೂರಿಸಬೇಡಿ. ನೂಲುಗಳು ಕರಗಿ ಒಂದಾದ ಕೂಡಲೇ ತೆಗೆಯಿರಿ. ಕಪ್ಪಗಾಯಿತೆಂದರೆ ಹೆಚ್ಚಾಯಿತು, ಕಪ್ಪು ತುದಿ ಆರಿದ ಮೇಲೆ ಗಾಜಿನಂತೆ ಮುರಿಯುತ್ತದೆ. ಕಿಟಕಿ ತೆರೆದಿರಲಿ, ಕರಗಿದ ನೈಲಾನನ್ನು ಬೆರಳಿನಿಂದ ಒತ್ತಬೇಡಿ.

ಆರಿದ ಮೇಲೆ ತುದಿಯಲ್ಲಿ ಗಡುಸಾದ ಮಣಿಗಳು ಉಳಿದಿರುತ್ತವೆ, ಅವನ್ನು ಅರದಿಂದ ಉಜ್ಜಿಬಿಡಿ. ಗ್ರೇಹೌಂಡ್‌ನ ಚರ್ಮ ತೆಳ್ಳಗೆ, ಮೇಲಿನ ಕೂದಲೂ ಗಿಡ್ಡ. ದಪ್ಪ ರೋಮದ ನಾಯಿಗೆ ಗೊತ್ತೇ ಆಗದ ಚುಚ್ಚು ಇದಕ್ಕೆ ಗಾಯವಾಗುತ್ತದೆ.

ಹಂತ 4: ಅಲಂಕಾರ, ಒಳಪದರ

ಬಣ್ಣದ ರಿಬ್ಬನ್ ಅಥವಾ ಬಟ್ಟೆ ಹಾಕುವುದಿದ್ದರೆ ಈಗಲೇ ಹಾಕಬೇಕು, ರಿಂಗು ಕೂರಿಸಿದ ಮೇಲೆ ಚಪ್ಪಟೆ ಜಾಗ ಸಿಗುವುದಿಲ್ಲ. 35 ಮಿ.ಮೀ. ರಿಬ್ಬನ್ನನ್ನು ಪಟ್ಟಿಯ ಹೊರಮೈ ಮೇಲೆ ನಡುವಿಗೆ ಇಟ್ಟು ಎರಡು ಅಂಚಿಗೂ ಹೊಲಿಯಿರಿ. ಎರಡು ಸಾಲನ್ನೂ ಒಂದೇ ತುದಿಯಿಂದ ಶುರುಮಾಡಿ. ಒಂದನ್ನು ಹೋಗುತ್ತ, ಇನ್ನೊಂದನ್ನು ಬರುತ್ತ ಹೊಲಿದರೆ ರಿಬ್ಬನ್ ಓರೆಯಾಗಿ ಸುಕ್ಕುಗಟ್ಟುತ್ತದೆ.

ಒಳಮೈಗೆ ತೆಳು ಸ್ಯಾಟಿನ್ ಒಳ್ಳೆಯದು, ಕೂದಲು ಉಜ್ಜಿ ಉದುರುವುದು ಕಡಿಮೆಯಾಗುತ್ತದೆ. ಬೆಚ್ಚಗಿರಲೆಂದು ಫ್ಲೀಸ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ನೈಲಾನ್, ರಿಬ್ಬನ್, ಫ್ಲೀಸ್ ಮೂರೂ ಸೇರಿದ ಪಟ್ಟಿ ಸ್ಲೈಡರ್‌ನಲ್ಲಿ ಒಂದು ಇಂಚೂ ಸರಿಯಲಿಲ್ಲ, ಆ ಪಟ್ಟಿ ಈಗ ಬಾಗಿಲು ತೆರೆದು ನಿಲ್ಲಿಸುವ ಕೆಲಸದಲ್ಲಿದೆ. ಹೊಲಿಯುವ ಮೊದಲು ಎಲ್ಲ ಪದರಗಳ ಬೆರಳುದ್ದದ ತುಂಡುಗಳನ್ನು ಒಟ್ಟಿಗೆ ಹಿಡಿದು ಸ್ಲೈಡರ್‌ನಲ್ಲಿ ತೂರಿಸಿ ನೋಡಿ. ಎರಡು ಸುತ್ತು ಪಟ್ಟಿಯೂ ಅದರೊಳಗೆ ಕೂರಬೇಕೆಂಬುದು ನೆನಪಿರಲಿ.

ಗಿಡ್ಡ ತುಂಡಿಗೆ ಒಳಪದರ ಬೇಡವೇ ಬೇಡ. ಅದು ರಿಂಗುಗಳಲ್ಲಿ ನುಣುಪಾಗಿ ಜಾರಬೇಕು. ಮಖಮಲ್ ಹಾಕಿದರೆ ಬಿಗಿದದ್ದು ಮತ್ತೆ ಸಡಿಲವಾಗುವುದಿಲ್ಲ.

ಹಂತ 5: ಸ್ಲೈಡರ್ ಕೂರಿಸುವುದು

ಉದ್ದ ತುಂಡಿನ ಒಂದು ತುದಿಯನ್ನು ಸ್ಲೈಡರ್‌ನ ನಡುಕಂಬಿಗೆ ಸುತ್ತಿ, 5 ಸೆಂ.ಮೀ. ಒಳಮೈಗೆ ಮಡಿಚಿ ಕ್ಲಿಪ್ ಹಾಕಿ. ಮಡಿಕೆ ಹೊರಮೈ ಕಡೆ ಬಂದರೆ ಬಿಚ್ಚಿ ಮತ್ತೆ ಮಡಿಚಿ. ಒಳಗೆ ಬಂದರೆ ಅದು ಮುಂದೆ ಎರಡು ಪದರಗಳ ನಡುವೆ ಅಡಗಿಹೋಗುತ್ತದೆ.

ಈಗ ಚೌಕದೊಳಗೆ ಗುಣಿಸು ಗುರುತಿನ ಹೊಲಿಗೆ. ಸುಮಾರು 3 ಸೆಂ.ಮೀ. ಉದ್ದದ ಚೌಕವನ್ನು ಸುತ್ತಲೂ ಹೊಲಿದು, ಮೂಲೆಯಿಂದ ಮೂಲೆಗೆ ಎರಡು ಓರೆ ಸಾಲು ಹಾಕಿ, ಇಡೀ ಗೆರೆಯ ಮೇಲೆ ಇನ್ನೊಮ್ಮೆ ಹೋಗಿ. ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂದು ಭಾವಿಸಿ 1.5ಕ್ಕೆ ಇಳಿಸುವವರಿದ್ದಾರೆ. ಅಷ್ಟು ತೂತು ಬಿದ್ದ ಪಟ್ಟಿ ಅಂಚೆಚೀಟಿಯ ಹಾಳೆಯಂತೆ ಗೆರೆಗುಂಟ ಹರಿಯುತ್ತದೆ.

ಯಂತ್ರ ದಪ್ಪ ಪದರಗಳ ಮೇಲೆ ಏದುಸಿರು ಬಿಟ್ಟರೆ ಪೆಡಲ್ ಒತ್ತಬೇಡಿ, ಚಕ್ರವನ್ನು ಕೈಯಿಂದ ತಿರುಗಿಸಿ. ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತಿದ್ದರೆ ಸೂಜಿ ಮೊಂಡಾಗಿದೆ.

ಹಂತ 6: ಚೌಕ ರಿಂಗುಗಳ ದಾರಿ

ಅತಿ ಹೆಚ್ಚು ಹೊಲಿಗೆ ಬಿಚ್ಚುವುದು ಈ ಹಂತದಲ್ಲಿ. ಆದ್ದರಿಂದ ಮೊದಲು ಹೊಲಿಯದೆ ಒಮ್ಮೆ ಪೂರ್ತಿ ಪೋಣಿಸಿ ನೋಡಿ.

1. ಪಟ್ಟಿಯನ್ನು ಹೊರಮೈ ಮೇಲಾಗಿ ಮೇಜಿನ ಮೇಲೆ ಇಡಿ. ಸ್ಲೈಡರ್ ನಿಮ್ಮ ಎಡಕ್ಕೆ, ಬರಿ ತುದಿ ಬಲಕ್ಕೆ ಇರಲಿ.

2. ಬರಿ ತುದಿಯನ್ನು ಮೊದಲ ಚೌಕ ರಿಂಗಿನ ಮೂಲಕ ತೂರಿಸಿ, ಕೆಳಗಿನಿಂದ ಹಿಂದಕ್ಕೆ ಎಡಕ್ಕೆ ತನ್ನಿ. ಈ ರಿಂಗನ್ನು ಮರೆತು ನೇರವಾಗಿ ಮುಂದಿನ ಹೆಜ್ಜೆಗೆ ಹೋಗುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಮುಂದೆ ಅದನ್ನು ಸೇರಿಸಲು ಹೊಲಿಗೆ ಬಿಚ್ಚದೆ ದಾರಿಯಿಲ್ಲ.

3. ಹಿಂದಿರುಗಿದ ತುದಿ ಸ್ಲೈಡರ್‌ನ ಅಡಿಗೆ ಬರುತ್ತದೆ. ರಿಂಗಿನ ಕಡೆಯ ಕಂಡಿಯಿಂದ ಅದನ್ನು ಮೇಲೆತ್ತಿ, ನಡುಕಂಬಿಯನ್ನು ದಾಟಿಸಿ, ಆಚೆಯ ಕಂಡಿಯಿಂದ ಕೆಳಗಿಳಿಸಿ. ನಡುಕಂಬಿಯ ಮೇಲೆ ಈಗಾಗಲೇ ಹೊಲಿದ ಸುತ್ತು ಇರುವುದರಿಂದ ಬಿಗಿಯಾಗಿಯೇ ಹಾಯುತ್ತದೆ. ಆ ಬಿಗಿತ ಬೇಕು, ಅದೇ ಅಳತೆಯನ್ನು ಹಿಡಿದಿಡುವುದು.

4. ಹೊರಬಂದ ತುದಿಗೆ ಎರಡನೆಯ ಚೌಕ ರಿಂಗನ್ನು ಪೋಣಿಸಿ, 5 ಸೆಂ.ಮೀ. ಕೊರಳ ಕಡೆಗೆ ಮಡಿಚಿ ಕ್ಲಿಪ್ ಹಾಕಿ.

ಪಟ್ಟಿಯನ್ನು ಎತ್ತಿ ಹಿಡಿದು ನೋಡಿ. ರಿಂಗಿನಲ್ಲಿ ತಿರುಗಿ ಬಂದ ಕಾರಣ, ಸ್ಲೈಡರ್‌ನಿಂದ ಎರಡನೆಯ ರಿಂಗಿನವರೆಗೆ ಪಟ್ಟಿಯ ಬೆನ್ನು ಮೇಲಕ್ಕೆ ಬರುತ್ತದೆ. ಒಂದೇ ಮೈಗೆ ರಿಬ್ಬನ್ ಹಾಕಿದವರು ಇಲ್ಲಿ ಹೌಹಾರುತ್ತಾರೆ, ನಿಮ್ಮ ತಪ್ಪಲ್ಲ. ರಿಬ್ಬನ್ನು ಹೆಚ್ಚು ಕಾಣುವುದು ಈ ಉದ್ದ ಭಾಗದಲ್ಲೇ ಆದ್ದರಿಂದ, ಪೋಣಿಸಿ ನೋಡಿ ಯಾವ ಮೈ ಎಲ್ಲಿ ಬರುತ್ತದೆಂದು ಚಾಕ್‌ನಿಂದ ಗುರುತು ಹಾಕಿಕೊಂಡು, ಆಮೇಲೆ ಹಂತ 4ಕ್ಕೆ ಹಿಂದಿರುಗಿ ರಿಬ್ಬನ್ ಹೊಲಿಯುವವರು ಜಾಣರು. ಮೊದಲ ಪಟ್ಟಿಯನ್ನು ಅಲಂಕಾರವಿಲ್ಲದೆ ಬರಿ ನೈಲಾನಿನಲ್ಲೇ ಹೊಲಿಯಿರಿ ಎಂದು ನಾನು ಹೇಳುವುದು ಈ ಗೊಂದಲ ತಪ್ಪಿಸಲಿಕ್ಕೇ.

ತಿರುಚು ಇಲ್ಲವೆಂದು ಖಚಿತವಾದ ಮೇಲೆ ಎರಡನೆಯ ರಿಂಗಿನ ಮಡಿಕೆಯನ್ನು ಅದೇ ಚೌಕ ಹೊಲಿಗೆಯಿಂದ ಮುಗಿಸಿ. ಮಡಿಕೆಯ ತುದಿ ಕೊರಳಿಗೆ ತಾಗುವುದರಿಂದ ಚೌಕದ ಕೊನೆಯ ಗೆರೆ ತುದಿಗೆ ಹತ್ತಿರವಿರಲಿ, ನಾಲಗೆಯಂತೆ ಎದ್ದು ನಿಲ್ಲಬಾರದು.

ಹಂತ 7: ಚಿಕ್ಕ ಕುಣಿಕೆ, ಮೊದಲು ಕಚ್ಚಾ ಹೊಲಿಗೆಯಲ್ಲಿ

ಗಿಡ್ಡ ತುಂಡನ್ನು ಒಂದು ಚೌಕ ರಿಂಗಿನಲ್ಲಿ ತೂರಿಸಿ, ನಂತರ ಇನ್ನೊಂದರಲ್ಲಿ ತೂರಿಸಿ, ಎರಡು ತುದಿಗಳನ್ನೂ ಹೊರಗೆ ತನ್ನಿ. ಡಿ-ರಿಂಗನ್ನು ಒಂದು ತುದಿಗೆ ಪೋಣಿಸಿ. ತುದಿಗಳು ಡಿ-ರಿಂಗಿನೊಳಗೆ ಒಂದರ ಮೇಲೊಂದು 6 ಸೆಂ.ಮೀ. ಕೂರಲಿ, ರಿಂಗಿನ ನೇರ ಕಂಬಿ ಅದರ ನಟ್ಟನಡುವೆ ಬರಲಿ.

ಇಲ್ಲಿ ಯಂತ್ರಕ್ಕೆ ಹೋಗಬೇಡಿ. ಕೈಯಲ್ಲಿ ನಾಲ್ಕು ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಮನೆಯೊಳಗೆ, ಬಾಗಿಲು ಮುಚ್ಚಿಕೊಂಡು, ಲೀಷ್ ಹಾಕದೆ ನಾಯಿಗೆ ತೊಡಿಸಿ ನೋಡಿ. ತಲೆ ದಾಟಿತೇ? ಡಿ-ರಿಂಗನ್ನು ಕೈಯಿಂದ ಮೆಲ್ಲಗೆ ಎಳೆದಾಗ ಚೌಕ ರಿಂಗುಗಳ ನಡುವೆ ಎಷ್ಟು ಉಳಿಯಿತು? ರಿಂಗುಗಳ ಗಾತ್ರದಿಂದಾಗಿ ಲೆಕ್ಕಕ್ಕಿಂತ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆಗುವುದು ಸಹಜ. ದೊಡ್ಡ ಕುಣಿಕೆಯನ್ನು ಸ್ಲೈಡರ್‌ನಲ್ಲಿ ಸರಿಹೊಂದಿಸಿ ಅಂತರವನ್ನು 4ಕ್ಕೆ ತಂದ ಮೇಲೂ ತಲೆ ದಾಟದಿದ್ದರೆ ಗಿಡ್ಡ ತುಂಡನ್ನೇ ಬದಲಾಯಿಸಬೇಕು. ಅದಕ್ಕೆಂದೇ 1 ಮೀಟರ್ ತರಲು ಹೇಳಿದ್ದು, ಉದಾಹರಣೆಯ ನಾಯಿಗೆ 78 ಸೆಂ.ಮೀ. ಮಾತ್ರ ಖರ್ಚಾಗುತ್ತದೆ.

ಸರಿಯಿದೆ ಎಂದಾದ ಮೇಲೆ ಡಿ-ರಿಂಗಿನ ಕಂಬಿಯ ಎರಡೂ ಬದಿಗೆ ಒಂದೊಂದು ಪುಟ್ಟ ಚೌಕ ಹೊಲಿಗೆ ಹಾಕಿ, ಗುಣಿಸು ಗುರುತು ಸಮೇತ, ಎರಡೆರಡು ಬಾರಿ. ಡಿ-ರಿಂಗ್ ನಡುವೆ ಸೆರೆಯಾಗುತ್ತದೆ. ಜೋಡಣೆಯ ದಪ್ಪ ಭಾಗ ಚೌಕ ರಿಂಗಿನಲ್ಲಿ ತೂರುವುದಿಲ್ಲವಾದ್ದರಿಂದ ಕುಣಿಕೆ ಸುತ್ತುವುದೂ ಇಲ್ಲ. ಜೋಡಣೆಯನ್ನು ಕೊರಳ ಕಡೆಗೆ ಇಟ್ಟರೆ ಆ ದಪ್ಪ ಗಂಟು ದಿನವೂ ಗಂಟಲನ್ನು ಒತ್ತುತ್ತಿರುತ್ತದೆ.

ಹಂತ 8: ನಾಯಿಗಿಂತ ಮೊದಲು ಕಂಬಕ್ಕೆ

ಪೂರ್ತಿ ವೇಗದಲ್ಲಿ ಗ್ರೇಹೌಂಡ್ ಗಂಟೆಗೆ ಸುಮಾರು 70 ಕಿ.ಮೀ. ಓಡಬಲ್ಲದು. ಆ ವೇಗದ ಹತ್ತಿರಕ್ಕೆ ಬರಲು ಅದಕ್ಕೆ ಕೆಲವೇ ನೆಗೆತಗಳು ಸಾಕು. 30 ಕಿಲೋ ತೂಕದ ನಾಯಿ ಬೆಕ್ಕೊಂದನ್ನು ಕಂಡು ಜಿಗಿದಾಗ ಹೊಲಿಗೆಗೆ ಬೀಳುವ ಎಳೆತವನ್ನು ಬೆರಳಿನಿಂದ ಎಳೆದು ಅಂದಾಜಿಸಲಾಗದು.

ಮಂಚದ ಕಾಲಿಗೋ ಗಟ್ಟಿ ಕಂಬಕ್ಕೋ ಪಟ್ಟಿ ಹಾಕಿ, ಲೀಷ್ ಸಿಕ್ಕಿಸಿ, ಎರಡೂ ಕೈಯಿಂದ ಹಿಡಿದು ಮೈಭಾರ ಹಿಂದಕ್ಕೆ ಬಿಡಿ. ನಂತರ ಜಗ್ಗಿ ಜಗ್ಗಿ ಇಪ್ಪತ್ತು ಬಾರಿ ಎಳೆಯಿರಿ. ಹಿಂದೆ ಗೋಡೆಯೋ ಮೇಜೋ ಇಲ್ಲದ ಜಾಗ ನೋಡಿಕೊಳ್ಳಿ, ಹರಿದರೆ ಬೀಳುವವರು ನೀವು.

ಬಳಿಕ ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ತೂತುಗಳು ಉದ್ದಕ್ಕೆ ಹಿಗ್ಗಿದ್ದರೆ ದಾರ ತೆಳುವಾಯಿತು ಅಥವಾ ಹೊಲಿಗೆ ಒತ್ತಾಯಿತು. ಡಿ-ರಿಂಗ್ ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಎಸೆಯಿರಿ. ಸ್ಲೈಡರ್ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ಅದು ಪಟ್ಟಿಗೆ ಅಗಲ ಹೆಚ್ಚಾಗಿರುವ ಸ್ಲೈಡರ್. ನಡೆಯುತ್ತ ನಡೆಯುತ್ತ ಪಟ್ಟಿ ತಾನಾಗಿ ದೊಡ್ಡದಾಗುತ್ತದೆ, ನಿಮಗೆ ಗೊತ್ತಾಗುವುದು ನಾಯಿ ತಪ್ಪಿಸಿಕೊಂಡ ಮೇಲೆ.

ಹಂತ 9: ಕೊರಳಿಗೆ ಹಾಕಿ ಹಿಂದಕ್ಕೆ ನಡೆಸಿ

ಚಿಕ್ಕ ಕುಣಿಕೆಯನ್ನು ಪೂರ್ತಿ ಒಳಗೆಳೆದು ದೊಡ್ಡದನ್ನು ಅಗಲಿಸಿ, ಮೂಗಿನಿಂದ ಮೇಲೇರಿಸಿ, ಕಿವಿಗಳನ್ನು ಒಂದೊಂದಾಗಿ ಮಡಿಚಿ ದಾಟಿಸಿ. ಪಟ್ಟಿಯನ್ನು ಕಿವಿಯ ಬುಡದವರೆಗೆ ಎತ್ತಿ ಲೀಷ್ ಹಾಕಿ.

ಮುಚ್ಚಿದ ಕೋಣೆಯಲ್ಲಿ ನಾಯಿಯ ಎದುರು ನಿಂತು ಲೀಷನ್ನು ಮೆಲ್ಲಗೆ ನಿಮ್ಮತ್ತ ಎಳೆಯಿರಿ, ನಾಯಿ ಹಿಂದೆ ಸರಿಯಲಿ. ತಪ್ಪಿಸಿಕೊಳ್ಳುವಾಗ ಗ್ರೇಹೌಂಡ್ ಮಾಡುವುದು ಇದನ್ನೇ: ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿ, ಹಿಂದೆ ಹಿಂದೆ ನಡೆಯುತ್ತದೆ. ಪಟ್ಟಿ ಕಿವಿಯ ಬುಡಕ್ಕೆ ಬಂದು ನಿಂತರೆ ಸರಿ. ಕಿವಿಯನ್ನು ಮಡಿಚಿ ಮೇಲೇರತೊಡಗಿದರೆ ಸ್ಲೈಡರ್‌ನಲ್ಲಿ ಒಂದು ಸೆಂಟಿಮೀಟರ್ ಬಿಗಿ ಮಾಡಿ ಮತ್ತೆ ನೋಡಿ.

ಎಳೆತದಲ್ಲಿ ಚೌಕ ರಿಂಗುಗಳ ನಡುವೆ 3ರಿಂದ 5 ಸೆಂ.ಮೀ. ಉಳಿಯಬೇಕು, ಸುಮಾರು ಎರಡು ಬೆರಳಿನಗಲ. ತಾಗಿದರೆ ಜಾರುತ್ತದೆ. 7, 8 ಸೆಂ.ಮೀ. ಉಳಿದರೆ ದೊಡ್ಡ ಕುಣಿಕೆ ತೀರಾ ಚಿಕ್ಕದಾಗಿದೆ, ಗಟ್ಟಿಯಾಗಿ ಎಳೆದಾಗ ಮಿತಿಯಿಲ್ಲದೆ ಬಿಗಿಯುತ್ತದೆ. ನಾಯಿ ಕೆಮ್ಮಿದರೆ, ಗೊರಗುಟ್ಟಿದರೆ ಅಥವಾ ನಾಲಗೆಯ ಬಣ್ಣ ನೀಲಿಗೆ ತಿರುಗಿದರೆ ತಕ್ಷಣ ತೆಗೆಯಿರಿ. ಸರಿಯಾದ ಪಟ್ಟಿಯಲ್ಲೂ ಕೆಮ್ಮು ಮರುಕಳಿಸಿದರೆ ಅದು ಹೊಲಿಗೆಯ ವಿಷಯವಲ್ಲ, ಪಶುವೈದ್ಯರಿಗೆ ತೋರಿಸಿ.

ಲೀಷ್ ಬಿಟ್ಟ ಕೂಡಲೇ ಪಟ್ಟಿ ಸಡಿಲವಾಗಬೇಕು. ಬಿಗಿದೇ ಉಳಿದರೆ ಚಿಕ್ಕ ಕುಣಿಕೆ ರಿಂಗಿನಲ್ಲಿ ತಡೆಯುತ್ತಿದೆ ಎಂದರ್ಥ: ಪಟ್ಟಿ ರಿಂಗಿಗಿಂತ ಅಗಲವಾಗಿದೆ, ಇಲ್ಲವೇ ಅದಕ್ಕೆ ಬೇಡವೆಂದ ಒಳಪದರ ಹಾಕಿದ್ದೀರಿ.

ದಿನಬಳಕೆಯಲ್ಲಿ

ಮಾರ್ಟಿಂಗೇಲ್ ನಡಿಗೆಯ ಪಟ್ಟಿ, ಮನೆಯ ಪಟ್ಟಿಯಲ್ಲ. ಬಾಗಿಲ ಬಳಿ ಹಾಕಿ, ಬಾಗಿಲ ಬಳಿಯೇ ತೆಗೆಯಿರಿ. ಎಳೆದರೆ ಬಿಗಿಯುವ ವಸ್ತುವನ್ನು ತೊಟ್ಟು ನಾಯಿ ಒಂಟಿಯಾಗಿದ್ದಾಗ ಕುಣಿಕೆ ಬಾಗಿಲ ಚಿಲಕಕ್ಕೋ ಪಂಜರದ ಸರಳಿಗೋ ಸಿಕ್ಕಿಕೊಂಡರೆ ಬಿಡಿಸುವವರಿಲ್ಲ. ಎರಡು ನಾಯಿಗಳು ಆಡುವಾಗಲೂ ಬೇಡ, ಒಂದರ ಹಲ್ಲು ಇನ್ನೊಂದರ ಕುಣಿಕೆಗೆ ಸಿಕ್ಕುತ್ತದೆ. ಹೆಸರು, ಫೋನ್ ಸಂಖ್ಯೆಯ ಬಿಲ್ಲೆಗೆ ಬೇರೆ ತೆಳು ಪಟ್ಟಿ ಇರಲಿ, ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊಂಡಿಯದ್ದು.

ಉದ್ದಕ್ಕೆ ಬಿಚ್ಚಿಕೊಳ್ಳುತ್ತ ಹೋಗುವ ಸುರುಳಿ ಲೀಷನ್ನು ಈ ನಾಯಿಗೆ ಬಳಸಬೇಡಿ. ಐದು ಮೀಟರ್ ಓಡಿ ವೇಗ ಹಿಡಿದ ಮೇಲೆ ಸುರುಳಿ ಮುಗಿದಾಗ ಬೀಳುವ ಜಗ್ಗು ಪೂರ್ತಿ ಕೊರಳಿಗೇ. ಒಂದೂವರೆ ಎರಡು ಮೀಟರ್‌ನ ಸಾಮಾನ್ಯ ಲೀಷ್ ಸಾಕು. ಹೊಸದಾಗಿ ಮನೆಗೆ ಬಂದ, ಪ್ರತಿ ಸದ್ದಿಗೂ ಬೆದರುವ ನಾಯಿಯಾದರೆ ಮಾರ್ಟಿಂಗೇಲ್ ಜೊತೆಗೆ ಎದೆಪಟ್ಟಿಯನ್ನೂ ಹಾಕಿ, ಎರಡಕ್ಕೂ ಲೀಷ್ ಸಿಕ್ಕಿಸಿ. ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ.

ವಾರಕ್ಕೊಮ್ಮೆ ಕೊರಳ ಕೂದಲನ್ನು ಎದುರುಬದುರು ಸವರಿ ನೋಡಿ. ಚರ್ಮ ಕೆಂಪಾಗಿದ್ದರೆ, ಒಂದೇ ಕಡೆ ಕೂದಲು ತೆಳುವಾಗಿದ್ದರೆ ಪಟ್ಟಿಯಲ್ಲಿ ಅದೇ ಜಾಗವನ್ನು ಬೆರಳಿನಿಂದ ಹುಡುಕಿ. ಸಾಮಾನ್ಯವಾಗಿ ಅಲ್ಲೊಂದು ಕರಗಿಸಿದ ತುದಿ ಎದ್ದಿರುತ್ತದೆ. ಕೊಳೆಯಾದಾಗ ಸೌಮ್ಯ ಸೋಪಿನ ನೀರಿನಲ್ಲಿ ಕೈಯಿಂದ ತೊಳೆದು, ರಿಂಗುಗಳನ್ನು ಒರೆಸಿ, ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಸ್ಲೈಡರ್ ಸರಿದಿದೆಯೇ ಎಂದು ಟೇಪು ಹಿಡಿದು ನೋಡಿ. ಸರಿಯಾದ ಜಾಗವನ್ನು ಮೊದಲೇ ಬಣ್ಣದ ದಾರದ ಒಂದು ಟಾಕಿನಿಂದ ಗುರುತು ಮಾಡಿಟ್ಟಿದ್ದರೆ ಟೇಪೂ ಬೇಕಾಗಿಲ್ಲ.

ಚೌಕ ರಿಂಗು ತಾಗುವ ಕಡೆ ನೂಲು ಎದ್ದು ಉಣ್ಣೆಯಂತೆ ಆಗತೊಡಗಿದರೆ ಪಟ್ಟಿಯ ಆಯುಸ್ಸು ಮುಗಿಯಿತು. ಹೊಲಿಗೆ ಬಿಚ್ಚಿ ಲೋಹದ ಸಾಮಾನು ನಾಲ್ಕನ್ನೂ ಹೊರತೆಗೆಯಿರಿ. ಬಿರುಕು, ತುಕ್ಕು, ಬಾಗು ಇಲ್ಲದಿದ್ದರೆ ಹೊಸ ಪಟ್ಟಿಗೆ ಅವೇ ಬರುತ್ತವೆ. ಹಳೆಯ ತುಂಡುಗಳನ್ನು ನೋಡಿ ಹೊಸದನ್ನು ಅಳೆದು ಕತ್ತರಿಸಬೇಡಿ, ಬಳಸಿದ ನೈಲಾನ್ ಹಿಗ್ಗಿರುತ್ತದೆ. ಟೇಪು ಹಿಡಿದು ನಾಯಿಯನ್ನೇ ಮತ್ತೆ ಅಳೆಯಿರಿ.